ಚೌಡಿಕಲ್ಲಿನವರೆಗೆ

ಗೋಣಿಬೀಡಿನ ಪಂಕ್ಚರ್ ಅಂಗಡಿಯ ಪಕ್ಕ ಬಸ್ಸಿಗೆ ಕಾಯುತ್ತಿದ್ದೆ. ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು, ರೈಟರ್ ನೆನಪಾದರು. ಅವರ ಊರುಗೋಲಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿಕೊಟ್ಟವಳು ನಾನು. ಅಥವಾ ಅವರ ಹೆಂಡತಿ ಸುತ್ತಿದ್ದರೋ… ನನ್ನ ನೆನಪು ಒಳ್ಳೆಯ ಕೆಲಸಗಳನ್ನೆಲ್ಲ ನನ್ನ ಹೆಸರಿಗೇ ಬರೆದುಕೊಳ್ಳುತ್ತದೆ. ನಂಬುವಂಥದ್ದಲ್ಲ.

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವವರನ್ನು ನಮ್ಮ ಕಡೆ ರೈಟರ್ ಎನ್ನುತ್ತಾರೆ. ಮೂಡಿಗೆರೆ ಹತ್ತಿರದ ತೋಟವೊಂದರಲ್ಲಿ ಅವರಿಗೆ ಆ ಕೆಲಸ. ನಲವತ್ತು ದಾಟುವ ಮುಂಚೆಯೇ ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದಿತ್ತು. ನರಗಳ ಹೊದಿಕೆ ಕೆಡುವ ಕಾಯಿಲೆ ಅದು. ಬೆಳಗಿನ ತಂಪಿನಲ್ಲಿ ಮಾತು ಕೇಳುತ್ತಿದ್ದ ಕಾಲು ಬಿಸಿಲೇರಿದರೆ ಕೇಳುತ್ತಿರಲಿಲ್ಲ. ನಾನು ಆಕ್ಯುಪೇಶನಲ್ ಥೆರಪಿಸ್ಟ್. ಕಾಯಿಲೆಯವರು ದಿನದ ಕೆಲಸಗಳನ್ನು ಆದಷ್ಟು ತಾವೇ ಮಾಡಿಕೊಳ್ಳಲು ದಾರಿ ಹುಡುಕಿಕೊಡುವುದು ನನ್ನ ಕೆಲಸ. ವಾರಕ್ಕೊಮ್ಮೆ ಅವರ ಕ್ವಾರ್ಟರ್ಸಿಗೆ ಹೋಗುತ್ತಿದ್ದೆ.

ಸ್ನಾನ, ಅಂಗಿಯ ಗುಂಡಿ, ಊಟ ಎಂದು ಪಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಓದಿ, ಮಡಚಿ ವಾಪಸು ಕೊಟ್ಟರು.

"ಇದೆಲ್ಲ ಇವ್ಳು ಮಾಡ್ತಾಳೆ ಮೇಡಂ. ಚೌಡಿ ಹತ್ರ ಹೋಗೋದು ಹೇಗೆ, ಅದು ಹೇಳಿ."

ಇಳಿಜಾರಿನ ಕೊನೆಯಲ್ಲಿ, ಹಲಸಿನ ಮರದ ಬುಡದಲ್ಲಿ, ತೋಟ ಕಾಯುವ ದೇವತೆ ಚೌಡಿಯ ಕಲ್ಲಿತ್ತು. ಕೊಯ್ಲಿಗೆ ಮುಂಚೆ ಮೊದಲ ಬೊಗಸೆ ಕಾಫಿ ಹಣ್ಣು ಅಲ್ಲಿಡಬೇಕು. ಪ್ರತಿ ವರ್ಷ ಇಡುತ್ತಿದ್ದವರು ಇವರೇ. ಹಿಂದಿನ ವರ್ಷ ಕಾಲು ಬರದೆ ಆಳುಗಳ ಮೇಸ್ತ್ರಿ ಇಟ್ಟಿದ್ದ. ಅಂದಿನಿಂದ ಇವರು ಮನೆಯ ದೇವರ ಗೂಡಿನ ಕಡೆಗೂ ತಿರುಗಿ ನೋಡಿಲ್ಲ ಎಂದು ಹೆಂಡತಿ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದರು.

ನಾನು ಜಾಣತನ ಮಾಡಿದೆ. ಇರುವ ಶಕ್ತಿಯನ್ನು ಉಳಿಸಬೇಕೆಂಬುದು ನಾನು ಕಲಿತ ಪಾಠ. ಮುಂದಿನ ವಾರ ಹಳ್ಳದಿಂದ ಒಂದು ಕಲ್ಲು ತರಿಸಿ, ಕುಂಕುಮ ಹಚ್ಚಿ, ಅವರ ಅಂಗಳದಲ್ಲೇ ಇಡಿಸಿದೆ. ಅವರು ತುಂಬ ಹೊತ್ತು ನೋಡಿದರು.

"ಇದ್ಯಾರು?"

"ಚೌಡಿ," ಎಂದೆ.

"ಅವಳು ನಿಮ್ಮ ಹಾಗೆ ಮನೆಮನೆಗೆ ಬರೋಳಲ್ಲ ಮಾರಾಯ್ತಿ. ನಾವೇ ಹೋಗ್ಬೇಕು."

ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. ಅವರು ನಗಲಿಲ್ಲ. "ಈ ವರ್ಷವೂ ಹೋಗ್ದಿದ್ರೆ, ಆ ರೈಟರ್ ಸತ್ನಾ ಅಂತ ಕೇಳ್ತಾಳೆ. ಏನಂತ ಹೇಳೋದು?"

ಪಟ್ಟಿಯನ್ನು ತಲೆಕೆಳಗು ಮಾಡಿದೆವು. ಸ್ನಾನ, ಗುಂಡಿ ಎಲ್ಲ ಹೆಂಡತಿಯ ಪಾಲಿಗೆ. ಉಳಿದ ಶಕ್ತಿಯೆಲ್ಲ ಇಳಿಜಾರಿಗೆ. ದಾರಿಯಲ್ಲಿ ಅಲ್ಲಲ್ಲಿ ಕೂರಲು ಮರದ ದಿಮ್ಮಿ ಹಾಕಿಸಿದೆವು. ಬೊಗಸೆಗೆ ಎರಡು ಕೈ ಬೇಕು, ಕೋಲಿಗೆ ಒಂದು ಕೈ ಬೇಕು. ಹಣ್ಣನ್ನು ಕುತ್ತಿಗೆಯ ಚೀಲದಲ್ಲಿ ಒಯ್ದು, ಕಲ್ಲಿನ ಮುಂದೆ ಕೂತು ಬೊಗಸೆಗೆ ಸುರಿದುಕೊಳ್ಳುವುದನ್ನು ಅವರು ಜಗಲಿಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿದರು.

ಕೊಯ್ಲಿನ ಮೊದಲ ಬೆಳಗ್ಗೆ ಮಂಜು ಕವಿದಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಗೊತ್ತಿಲ್ಲ. ನಾನು ಅವರ ಎಡಗಾಲನ್ನು ಮಾತ್ರ ನೋಡುತ್ತಿದ್ದೆ. ಅವರು ತಲುಪಿದರು. ಹಣ್ಣಿಟ್ಟರು. "ನೀವೆಲ್ಲ ಸ್ವಲ್ಪ ಆಚೆ ಹೋಗಿ," ಎಂದರು.

ಹೆಂಡತಿ, ನಾನು, ಕೊಯ್ಲಿಗೆ ಬಂದ ಹೆಂಗಸರು, ಮೇಸ್ತ್ರಿ ಎಲ್ಲರೂ ಗಿಡಗಳ ಸಾಲಿನಲ್ಲಿ ಸರಿದು ನಿಂತೆವು. ಅವರು ಏಳಲಿಲ್ಲ. ಬಿಸಿಲು ಹಲಸಿನ ತುದಿಗೆ ಬಂತು. ಆಗ ಹೊಳೆಯಿತು: ಹೋಗುವುದನ್ನಷ್ಟೇ ಯೋಚಿಸಿದ್ದೆ, ಏರು ಹತ್ತಿ ವಾಪಸು ಬರುವುದನ್ನಲ್ಲ. ಏಳಿ, ಹೋಗೋಣ ಎಂದು ಎರಡು ಸಲ ಕರೆದೆ. ಕೊನೆಗೆ ಗೋಣಿಚೀಲಕ್ಕೆ ಎರಡು ಬಿದಿರು ಗಳ ತೂರಿಸಿ, ಅದರ ಮೇಲೆ ಮೇಸ್ತ್ರಿಯೂ ಹೆಂಗಸರೂ ಅವರನ್ನು ಹೊತ್ತು ತಂದರು.

"ರೈಟ್ರೇ, ಇದಕ್ಕೂ ಹಾಜರಿ ಹಾಕ್ಬೇಕು ಮತ್ತೆ," ಎಂದ ಮೇಸ್ತ್ರಿ.

"ಅರ್ಧ ದಿನ ಹಾಕ್ತೀನಿ. ಸುಮ್ನೆ ಹೊರೋ."

ಮನೆಯಲ್ಲಿ ಕಾಫಿ ಕುಡಿಯುವಾಗ, ಚೌಡಿಯ ಹತ್ತಿರ ಏನು ಕೇಳಿಕೊಂಡಿರಿ ಎಂದೆ.

"ಕೇಳೋದೇನು… ಬಂದೆ ಅಂದೆ."

ಮುಂದಿನ ಕೊಯ್ಲಿನ ಹೊತ್ತಿಗೆ ಅವರಿಗೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಅಷ್ಟರಲ್ಲಿ ನಾನು ಚಿಕ್ಕಮಗಳೂರಿಗೆ ಬಂದಿದ್ದೆ. ತೀರಿಕೊಂಡ ಸುದ್ದಿ ಕೂಡ ತಡವಾಗಿ ಸಿಕ್ಕಿತು.

ಈಗ ಯಾರ ಮನೆಗೆ ಹೋದರೂ ಪಟ್ಟಿ ತೆಗೆಯುವ ಮುಂಚೆ, ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೇನೆ. ಅದನ್ನು ಅವರಿಂದ ಕಲಿತೆ ಎಂದು ಇಲ್ಲಿಗೆ ನಿಲ್ಲಿಸಿದರೆ ಚೆಂದ. ಆದರೆ ನಿಲ್ಲುವುದಿಲ್ಲ. ಅದೇ ಕೊನೆಯ ಸಲವೆಂದು ಅವರಿಗೆ ಗೊತ್ತಿತ್ತೋ ಏನೋ, ನನಗೆ ಗೊತ್ತಿರಲಿಲ್ಲ. ನಾನು ಕರೆಯದಿದ್ದರೆ ಇನ್ನೂ ಎಷ್ಟು ಹೊತ್ತು ಕೂರುತ್ತಿದ್ದರೋ… ಎರಡು ಸಲ ಕರೆದೆ ಎಂದು ಬರೆದಿದ್ದೇನೆ. ಮೂರು ಸಲ ಇರಬೇಕು.