ಮೊದಲನೆಯ ಸಾಲಿಗೆ ಹಾಕಿ ನೋಡು

ಹತ್ತೊಂಬತ್ತು ವರ್ಷ ಲೇಥ್ ಯಂತ್ರದ ಮುಂದೆ ನಿಂತು ನಿಂತು ಬಸವಲಿಂಗನ ಕಾಲಿನ ನರಗಳು ಹಗ್ಗದಂತೆ ಗಂಟುಗಟ್ಟಿದ್ದವು. ಪುಣೆಯ ಖಡಕಿ ಬಡಾವಣೆಯ ಆಚೆ, ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಅವನ ಕೆಲಸ. ಅಲ್ಲಿ ಕುಳಿತು ಮಾಡುವ ಕೆಲಸ ಒಂದೇ ಇತ್ತು, ಮಾಲು ಪರೀಕ್ಷಿಸುವ ಚೆಕ್ಕರನದು. ಮುದುಕ ಚೆಕ್ಕರ್ ಶಂಕ್ರೆಪ್ಪ 1997ರ ಕೊನೆಗೆ ನಿವೃತ್ತನಾಗುವವನಿದ್ದ. ಅವನ ಸ್ಟೂಲು ಬಸವಲಿಂಗನಿಗೇ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಆದರೆ ಅಷ್ಟರೊಳಗೆ ಅವನು ಹತ್ತನೆಯ ತರಗತಿ ಪಾಸಾಗಿರಬೇಕಿತ್ತು.

ಪುಣೆಯ ಕನ್ನಡ ಶಾಲೆಯಲ್ಲಿ ಒಂಬತ್ತನೆಯವರೆಗೆ ಓದಿದವನು, ನಲವತ್ತರಲ್ಲಿ ಮತ್ತೆ ಪುಸ್ತಕ ಹಿಡಿದಿದ್ದ. ಬೇರೆ ವಿಷಯಗಳನ್ನೆಲ್ಲ ದಾಟಿದ. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತು. ಮೂವತ್ತೈದು ಬೇಕಾದಲ್ಲಿ ಒಮ್ಮೆ ಮೂವತ್ತೊಂದು, ಒಮ್ಮೆ ಮೂವತ್ತೆರಡು. ಉಳಿದದ್ದು ಅಕ್ಟೋಬರ್ ಪರೀಕ್ಷೆ.

ಅವನಿಗೆ ಪಾಠ ಹೇಳುತ್ತಿದ್ದವಳು ಹನ್ನೊಂದನೆಯ ತರಗತಿಯ ಮಗಳು ಸ್ನೇಹಲ್. ಒಂದು ಭಾನುವಾರ ಬೆಳಿಗ್ಗೆ ಅವಳು ಅಪ್ಪನ ನೋಟ್‌ಬುಕ್ ಬಿಚ್ಚಿಕೊಂಡು ಕೂತಳು.

“ಅಪ್ಪಾ, ಇಲ್ಲಿ ನೋಡು. √(x + 6) = x. ಎರಡೂ ಕಡೆ ವರ್ಗ ಮಾಡೀದಿ, x + 6 = x² ಬಂತು. ಬಿಡಿಸೀದಿ, 3 ಮತ್ತ −2 ಬಂತು. ಎಲ್ಲಾ ಬರೋಬ್ಬರಿ ಅದ. ಆದ್ರ ಎರಡೂ ಉತ್ತರ ಯಾಕ ಬರದಿಟ್ಟಿ?”

“ಎರಡು ಬಂದ್ವಲ್ಲ, ಎರಡೂ ಬರದೆ.”

“ಹಾಕಿ ನೋಡಬೇಕಿಲ್ಲೇನ? ಅದರಾಗ ಒಂದು ಸುಳ್ಳ ಉತ್ತರ ಅದ.”

“ಹಾಕಿ ನೋಡೋದು ಪೇಪರ್ ತಿದ್ದೋರ ಕೆಲಸ ಅಲ್ಲೇನವಾ?”

ಅವನು ನಿಜವಾಗಿಯೇ ಕೇಳಿದ್ದ. ಕಾರ್ಖಾನೆಯಲ್ಲಿ ಮಾಡಿದವನು ತನ್ನ ಮಾಲನ್ನು ತಾನೇ ಪಾಸು ಮಾಡುವಂತಿರಲಿಲ್ಲ. ಮಾಡಿದ್ದನ್ನೆಲ್ಲ ಟ್ರೇಯಲ್ಲಿಟ್ಟು ಕೊಡಬೇಕು. ಗೇಜು ಹಚ್ಚಿ ಅಳತೆ ನೋಡಿ, ಕೆಟ್ಟದ್ದಕ್ಕೆ ಕೆಂಪು ಬಣ್ಣ ಬಳಿಯುವವನು ಚೆಕ್ಕರ್. ಹತ್ತೊಂಬತ್ತು ವರ್ಷ ಆ ನಿಯಮ ಮೀರದ ಮನುಷ್ಯ ಪರೀಕ್ಷೆಯ ಹಾಳೆಯ ಮೇಲೂ ಅದನ್ನೇ ಪಾಲಿಸಿದ್ದ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಿವಬಸವ್ವ ಅಡುಗೆಮನೆಯಿಂದಲೇ ಕೂಗಿದಳು: “ನಾ ಅಕ್ಕಿ ಆರಿಸ್ಲಾರ್ದ ಅನ್ನಕ್ಕಿಟ್ಟು, ತಿನ್ನೋರು ಹರಳು ಆರಿಸ್ಕೊಳ್ಳಿ ಅಂದ್ರ ಸುಮ್ನಿರ್ತೀರೇನು? ಮನಿ ಮ್ಯಾಲ-ಕೆಳಗ ಮಾಡ್ತೀರಿ!”

ಸ್ನೇಹಲ್ ನಕ್ಕಳು. ಬಸವಲಿಂಗ ನಗದೆ ಪೆನ್ಸಿಲ್ ಎತ್ತಿಕೊಂಡು x + 6 = x² ಎಂಬ ಎರಡನೆಯ ಸಾಲಿಗೆ ಮೊದಲು 3 ಹಾಕಿದ. ಆಚೆಗೆ ಒಂಬತ್ತು, ಈಚೆಗೂ ಒಂಬತ್ತು. ಆಮೇಲೆ −2 ಹಾಕಿದ. ಆಚೆಗೆ ನಾಲ್ಕು, ಈಚೆಗೂ ನಾಲ್ಕು.

“ತಗೋ, ಎರಡೂ ಪಾಸ್! ಸುಮ್ನ ನನ್ನ ಮಾಲಿನಾಗ ತಪ್ಪ ಹುಡಕ್ತಿ.”

“ಬಣ್ಣ ಹೊಡದ ಮ್ಯಾಲ ಬಿರುಕು ಕಾಣಂಗಿಲ್ಲ ಅಂತ ನೀನ ಹೇಳ್ತಿರ್ತಿ, ಅಪ್ಪಾ. ವರ್ಗ ಮಾಡೋದೂ ಹಂಗ. 2ರ ವರ್ಗಾನೂ ನಾಲ್ಕು, −2ರ ವರ್ಗಾನೂ ನಾಲ್ಕು. ಮೈನಸ್ ಮುಚ್ಚಿಹೋತು. ಬಣ್ಣ ಹೊಡಿಯೋಕಿಂತ ಮೊದಲಿನ ಸಾಲಿಗೆ ಹಾಕಿ ನೋಡು.”

ಅವನು ಹಾಕಿದ. −2ಕ್ಕೆ 6 ಕೂಡಿಸಿದರೆ 4. ಆ ವರ್ಗಮೂಲದ ಚಿಹ್ನೆ ಎಂದೂ ಮೈನಸ್ ಕೊಡುವುದಿಲ್ಲ, ಆದ್ದರಿಂದ ಎಡಗಡೆ 2. ಬಲಗಡೆ ನಿಂತದ್ದು −2. ಎರಡೂ ಒಂದಕ್ಕೊಂದು ಹೊಂದಲಿಲ್ಲ.

“ಆದ್ರ ನಾ ಎಲ್ಲೂ ತಪ್ಪಿಲ್ಲಲ್ಲವಾ,” ಎಂದ. ದನಿ ಇಳಿದಿತ್ತು.

“ನೀ ತಪ್ಪಿಲ್ಲಪ್ಪಾ. ತಪ್ಪದಿದ್ರೂ ಬರ್ತದ ಅದು. ಅದಕ್ಕ ಆರಿಸಬೇಕು.”

ಎರಡು ಸಲ ಫೇಲಾದಾಗಿನಿಂದ ತಾನು ದಡ್ಡನೆಂಬ ಸಂಕಟ ಅವನನ್ನು ಒಳಗೇ ಕೊರೆಯುತ್ತಿತ್ತು. ಅದು ಅಂದು ಎಷ್ಟೋ ಹಗುರಾಯಿತು.

ಅಕ್ಟೋಬರಿನಲ್ಲಿ ಶಿವಾಜಿನಗರದ ಪರೀಕ್ಷಾ ಕೋಣೆಗೆ ಅವನು ಕಾಲಿಟ್ಟಾಗ ನಾಲ್ಕಾರು ಮಕ್ಕಳು ಮೇಲ್ವಿಚಾರಕನೆಂದು ತಿಳಿದು ಎದ್ದು ನಿಂತರು. “ಬಸಾ, ಬಸಾ, ಮೀ ಪಣ್ ಪೇಪರ್ ದ್ಯಾಯಲಾಚ್ ಆಲೋಯ್,” ಕೂತುಕೊಳ್ಳಿ, ನಾನೂ ಪೇಪರ್ ಬರೆಯುವವನೇ ಎಂದು ಮರಾಠಿಯಲ್ಲಿ ಹೇಳಿ, ನಾಚಿಕೊಂಡು ತನ್ನ ಬೆಂಚು ಹುಡುಕಿದ.

ಐದನೆಯ ಪ್ರಶ್ನೆ √(x + 12) = x ಎಂದಿತ್ತು. ಬಿಡಿಸಿದ. 4 ಬಂತು, −3 ಬಂತು. ಹಳೆಯ ಚಾಳಿಯಿಂದ ಕೈ ಎರಡನ್ನೂ ಟ್ರೇಗೆ ಹಾಕಲು ಹೊರಟಿತ್ತು. ತಡೆದು, ಮೊದಲನೆಯ ಸಾಲಿಗೆ ಹಿಂತಿರುಗಿದ. 4 ಸರಿಯಾಗಿ ಕೂತಿತು. −3 ಹಾಕಿದರೆ ಎಡಗಡೆ 3 ಬಂತು. ಕೆಂಪು ಶಾಯಿಗೆ ಅನುಮತಿ ಇಲ್ಲವಲ್ಲ. ನೀಲಿಯಲ್ಲೇ ಅದರ ಮೇಲೆ ಗೀಟೆಳೆದು, ‘ಇದು ಹೊಂದುವುದಿಲ್ಲ’ ಎಂದು ದುಂಡಗೆ ಬರೆದ.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಮೂವತ್ತೊಂಬತ್ತು.

ಜನವರಿಯ ಮೊದಲ ವಾರ ಅವನ ಲೇಥ್ ಹಿಡಿದ ಮಾಂತು ತನ್ನ ಮೊದಲ ಟ್ರೇ ತಂದು, ಚೆಕ್ಕರನ ಸ್ಟೂಲಿನಲ್ಲಿ ಕೂತಿದ್ದ ಬಸವಲಿಂಗನ ಮುಂದೆ ಇಟ್ಟ. ಫಳಫಳ ಹೊಳೆಯುವ ಬುಷ್‌ಗಳು, ಪಂಪಿನೊಳಗೆ ಕೂರುವ ಲೋಹದ ಬಳೆಗಳು. ಆರನೆಯದಕ್ಕೆ ಗೇಜು ಹೋಗಲಿಲ್ಲ. ಬಸವಲಿಂಗ ಒರೆಸಿ ಮತ್ತೊಮ್ಮೆ ಹಚ್ಚಿದ. ಹೋಗಲಿಲ್ಲ.

“ಬಸಣ್ಣಾ, ನಾ ಎಲ್ಲೂ ತಪ್ಪಿಲ್ಲರಿ,” ಎಂದ ಮಾಂತು, ಮುಖ ಸಣ್ಣದು ಮಾಡಿಕೊಂಡು.

“ನೀ ತಪ್ಪಿಲ್ಲೋ ತಮ್ಮಾ. ತಪ್ಪದಿದ್ರೂ ಬರ್ತದ ಒಂದೊಂದು. ಅದಕ್ಕ ನನ್ನ ಇಲ್ಲಿ ಕುಂಡ್ರಿಸ್ಯಾರ.”

ಸ್ಟೂಲಿನ ಅಡ್ಡಪಟ್ಟಿಯ ಮೇಲೆ ಎರಡೂ ಪಾದ ಊರಿಕೊಂಡು, ಅವನು ಕೆಂಪು ಬಣ್ಣದ ಡಬ್ಬಿಗೆ ಕೈಚಾಚಿದ.