ಕರಿಯವ್ವ ಹೊತ್ತ ಕೊಡ

ಹರಿಹರದ ಬಸ್ ನಿಲ್ದಾಣದ ಪಕ್ಕ ಮಂಡಕ್ಕಿ-ಮೆಣಸಿನಕಾಯಿ ಮಾರುವ ಕರಿಯವ್ವನಿಗೆ ಬಾಯಿ ಜೋರು, ಭಕ್ತಿ ಅದಕ್ಕಿಂತ ಜೋರು. ಹಿಂದೊಮ್ಮೆ ಹೊಳೆ ಉಕ್ಕಿ ಅವಳ ಮನೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಆದರೂ ಹೊಳೆ ತುಂಬಿದಾಗ ಬಾಗಿನ ಬಿಡುವುದನ್ನು ಅವಳು ಒಂದು ವರ್ಷವೂ ತಪ್ಪಿಸಲಿಲ್ಲ. ಹೊಳೆತಾಯಿ ಗಂಗವ್ವನ ಹೆಸರಲ್ಲಿ ಯಾರಾದರೂ ಸುಳ್ಳಾಡಿದರೆ ಅಂಗಡಿಯಿಂದಲೇ ಎಬ್ಬಿಸಿ ಕಳಿಸುತ್ತಿದ್ದಳು. ಪಕ್ಕದ ಮನೆಯವಳಾಗಿ ನಾನು ಇದನ್ನೆಲ್ಲ ಕಂಡಿದ್ದೇನೆ.

ಹೋದ ವರ್ಷ ನಮ್ಮ ಹೊಳೆದಂಡೆಯ ಓಣಿಗೆ ಪ್ರವಾಹದ ಸೈರನ್ ಕಂಬ ಬಂತು. ದಿಬ್ಬದ ಮೇಲೆ ಆಸರೆಗೆಂದು ಒಂದು ಕಟ್ಟಡವೂ ಎದ್ದಿತು. ಎರಡಕ್ಕೂ ಪರದೇಶದ ಯಾವುದೋ ದೊಡ್ಡ ಬ್ಯಾಂಕಿನ ಸಾಲವಂತೆ. ಹಾಗಾಗಿ ಓಣಿಯವರಿಗೆ ಅದು ಸಾಲದ ಕಂಬ. ಕಂಬ ನೆಡಿಸಿದ ಸಾಹೇಬರು, "ಇದು ಕೂಗಿದರೆ ಹೊಳೆ ತುಂಬಿ ಬರ್ತಿದೆ ಅಂತ ತಿಳ್ಕೊಳ್ಳಿ" ಎಂದಿದ್ದರು. ಓಡಿರಿ ಅಂತಲೂ ಹೇಳಿದ್ದರು, ಎತ್ತ ಅಂತಲೂ ತೋರಿಸಿದ್ದರು. ನಮ್ಮವರ ತಲೆಯಲ್ಲಿ ಉಳಿದದ್ದು ಮೊದಲ ಮಾತು ಮಾತ್ರ.

ಈ ಶ್ರಾವಣದ ಒಂದು ಬೆಳಿಗ್ಗೆ ಕಂಬ ಕೂಗಿತು. ಹೆಂಗಸರೆಲ್ಲ ಮೊರಕ್ಕೆ ಅರಿಶಿನ, ಬಳೆ, ರವಿಕೆ ಕಣ ಹಾಕಿಕೊಂಡು ನೇರ ಹೊಳೆಗೇ ಇಳಿದರು! ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಕರಿಯವ್ವನ ಹೊಸ ಸೊಸೆ ಸಹನಾ. ಅವಳಿಗದು ಮೊದಲ ಬಾಗಿನ. ಕೆಂಪು ನೀರು ಒಂದೊಂದೇ ಮೆಟ್ಟಿಲು ನುಂಗುತ್ತಿತ್ತು.

"ಬುದ್ಧಿ ಐತೇನ್ರೇ ನಿಮಗೆ, ಮೇಲೆ ಬರ್ರೇ!" ಎಂದು ಗಂಟಲು ಹರಿಯುವಂತೆ ಬೈದೆ.

"ಪೂಜೆ ಮುಗೀಲಿ ತಡೀರಿ ಅಕ್ಕ" ಎಂದರು.

ಅಷ್ಟರಲ್ಲಿ ಮೇಲಿನ ಮೆಟ್ಟಿಲ ಮೇಲೆ ಕರಿಯವ್ವ ಕಂಡಳು. ತಲೆಯ ಮೇಲೆ ಅಂಗಡಿಯ ತಾಮ್ರದ ಕೊಡ, ಅದರ ಬಾಯಿಗೆ ವೀಳ್ಯದೆಲೆ, ಮೇಲೊಂದು ಕಾಯಿ.

"ಗಂಗವ್ವನ್ನ ತುಂಬಿಸ್ಕೊಂಡೀನಿ! ದಿಬ್ಬದ ಮ್ಯಾಲೆ ಕುಂದ್ರಿಸ್ತೀನಿ, ಹಿಂದೆ ಬರ್ರೇ!"

ಗಂಗೆ ತುಂಬಿದ ಕೊಡ ಹೊರಟ ಮೇಲೆ ದಂಡೆಯಲ್ಲಿ ಯಾರೂ ನಿಲ್ಲುವಂತಿಲ್ಲ. ಅದು ನಮ್ಮ ಓಣಿಯ ಪದ್ಧತಿ. ಮೊರ ಎತ್ತಿಕೊಂಡು ಎಲ್ಲರೂ ಅವಳ ಹಿಂದೆ ಹತ್ತಿದರು, ಸಹನಾ ಕೂಡ.

ದಿಬ್ಬ ಮುಟ್ಟಿ ತಿರುಗಿ ನೋಡಿದರೆ ಮೆಟ್ಟಿಲೂ ಇಲ್ಲ, ಬಟ್ಟೆ ಒಗೆಯುವ ಕಲ್ಲೂ ಇಲ್ಲ. ಎಲ್ಲೋ ಕೂತವರು ಯಾರೋ ಕೊಟ್ಟ ಸಾಲ ನಮ್ಮೂರಲ್ಲಿ ಬಂದು ಕೂಗಿತ್ತು. ಆ ಕೂಗನ್ನು ನಮ್ಮ ಹೆಂಗಸರಿಗೆ ತಿಳಿಯುವಂತೆ ಮಾಡಿದ್ದು ಈ ಮಂಡಕ್ಕಿ ಕರಿಯವ್ವ!

ಕೊಡ ಇಳಿಸಲು ನಾನೂ ಸಹನಾಳೂ ಕೈ ಕೊಟ್ಟೆವು. ಎಷ್ಟು ಹಗುರ! ಒಳಗೆ ಹನಿ ನೀರಿರಲಿಲ್ಲ. ಕರಿಯವ್ವ ನಮ್ಮ ಮುಖ ನೋಡಲಿಲ್ಲ. ಹೊಳೆಯತ್ತ ತಿರುಗಿ, ತಪ್ಪಾಯ್ತು ಎಂಬಂತೆ ಗಲ್ಲ ಬಡಿದುಕೊಂಡಳು.

"ಭಾರ ಐತೆ, ಸ್ವಲ್ಪ ಸರೀರಿ" ಎಂದು ಸಹನಾ ಉಳಿದವರನ್ನು ಸರಿಸಿದಳು. ಎರಡೂ ಕೈಯಲ್ಲಿ ಮೆಲ್ಲಗೆ ಕೊಡ ಕೆಳಗಿಟ್ಟು, ತನ್ನ ಮೊದಲ ಬಾಗಿನವನ್ನು ಅದರ ಮುಂದಿಟ್ಟು ಕೈ ಮುಗಿದಳು.