ಮೊದಲ ಚಪ್ಪಾಳೆ

ಸೊಳ್ಳೆ ಹೊಡೆಯಲು ಕೂಡ ನಾನು ಈಗ ಎರಡು ಕೈ ಬಳಸುವುದಿಲ್ಲ. ಅದರ ಕಾರಣ ಹೇಳುವುದನ್ನು, ಸರ್ಕಾರ ಕಾಮಗಾರಿಯನ್ನು ಬರುವ ಬಜೆಟ್ಟಿಗೆ ತಳ್ಳುವಂತೆ, ಇಷ್ಟು ದಿನ ತಳ್ಳುತ್ತ ಬಂದೆ. ಸರ್ಕಾರಕ್ಕೆ ಮುಂದಿನ ವರ್ಷವೆಂಬುದು ಖಂಡಿತ ಇರುತ್ತದೆ. ನನ್ನ ವಯಸ್ಸಿನವನಿಗೆ ಆ ಖಾತರಿ ಇಲ್ಲವಾದ್ದರಿಂದ, ಓದುಗ ಮಹಾಶಯರೇ, ಇವತ್ತೇ ಹೇಳಿಬಿಡುತ್ತೇನೆ.

ನನ್ನ ಓದು ಎಸ್ಸೆಸ್ಸೆಲ್ಸಿ. ಅದರಲ್ಲೂ ಲೆಕ್ಕವೆಂಬ ಹೊಳೆಯನ್ನು ದಾಟಿದ್ದು, ಸಂಜೆ ಮನೆಗೆ ಕರೆದು ಕಿವಿ ಹಿಂಡಿ ಕಲಿಸಿದ ಒಬ್ಬ ಮೇಷ್ಟ್ರ ಹೆಗಲ ಮೇಲೆ ಕುಳಿತು. ಆಮೇಲೆ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಕೆಲಸ. ಯಂತ್ರಗಳ ಆರ್ಭಟದಲ್ಲಿ ಕೂಗಿದರೆ ಪಕ್ಕದವನಿಗೂ ಕೇಳದು. ಆ ಸದ್ದನ್ನು ಸೀಳುವಂತೆ ಚಪ್ಪಾಳೆ ತಟ್ಟಿಯೇ ಒಬ್ಬರನ್ನೊಬ್ಬರು ಕರೆಯುತ್ತಿದ್ದೆವು. ಹೀಗೆ ವರ್ಷಗಟ್ಟಲೆ ಸಾಧನೆ ಮಾಡಿದ ನನ್ನ ಅಂಗೈಗಳಿಗೆ, ಗಿರಣಿ ಮುಚ್ಚಿ ನಾನು ಹರಿಹರಕ್ಕೆ ಬಂದು ನೆಲೆಸಿದ ಮೇಲೆ, ರಾಜಕೀಯದಲ್ಲಿ ಭವಿಷ್ಯ ಸಿಕ್ಕಿತು.

ನಮ್ಮ ಶಾಸಕರು ಪ್ರತಿ ಬಜೆಟ್ಟಿನ ನಂತರ ಕಲ್ಯಾಣ ಮಂಟಪದಲ್ಲಿ ಸಭೆ ಕರೆದು, ಕ್ಷೇತ್ರಕ್ಕೆ ಏನೇನು ತಂದೆನೆಂದು ವರದಿ ಒಪ್ಪಿಸುತ್ತಾರೆ. ಸಭಿಕರೋ, ಊಟದ ಪಂಕ್ತಿಗೆ ಕಾದವರಂತೆ ಮೌನಿಗಳು. ಒಮ್ಮೆ ನಾನು ಟೀ ಹಂಚುವವನನ್ನು ಕರೆಯಲೆಂದು ಗಿರಣಿಯ ಅಭ್ಯಾಸದಲ್ಲಿ ಕೈ ತಟ್ಟಿದೆ. ಅದೇ ಕ್ಷಣಕ್ಕೆ ಶಾಸಕರು "ಶಿಕ್ಷಣವೇ ನನ್ನ ಮೊದಲ ಆದ್ಯತೆ" ಎಂದು ಮುಗಿಸಿದ್ದರು. ಸಭೆಯೆಲ್ಲ ತಟ್ಟಿತು. ಟೀ ಮಾತ್ರ ಬರಲಿಲ್ಲ.

ಹೊರಗೆ ಬಂದಾಗ ಅವರ ಆಪ್ತ ಸಹಾಯಕ ನನ್ನ ಕೈ ಹಿಡಿದುಕೊಂಡ. "ಯಜಮಾನ್ರೇ, ಎಂಥಾ ಟೈಮಿಂಗ್ರಿ ನಿಮ್ದು! ಇನ್ಮ್ಯಾಲೆ ಮುಂದಿನ ಸಾಲ್ನಾಗೇ ಕೂಡ್ರಿ."

ಅಂದಿನಿಂದ ಫ್ಯಾನಿನ ಕೆಳಗಿನ ಕುರ್ಚಿ ನನ್ನದಾಯಿತು. ವಿದ್ಯೆಯನ್ನೂ ಬೆಳೆಸಿಕೊಂಡೆ: 'ಲಕ್ಷ' ಎಂದರೆ ಸಾಧಾರಣ ಚಪ್ಪಾಳೆ, 'ಕೋಟಿ' ಎಂದರೆ ಗಟ್ಟಿ, 'ಪರಿಶೀಲನೆಯಲ್ಲಿದೆ' ಎಂದರೆ ಬಹಳ ದೀರ್ಘ; ಅಲ್ಲಿ ಜನರಿಗೆ ಯೋಚಿಸಲು ಬಿಡುವು ಕೊಡಬಾರದು.

ಹೀಗಿರುವಾಗ ಒಂದು ವರ್ಷ, ಸಭೆಯ ಹಿಂದಿನ ದಿನ, ಗುತ್ತೂರಿನ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುವ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಬಾಗಿಲಿಗೆ ಬಂದಳು. "ದೊಡ್ಡಪ್ಪಾ, ನಮ್ಮ ಹುಡುಗಿ ಸಾಲ್ಯಾಗೆ ಲೆಕ್ಕದ ಮೇಷ್ಟ್ರೇ ಇಲ್ಲ. ನಾಳೆ ಸಾಹೇಬ್ರನ್ನ ಕೇಳ್ತೀನಿ. ನನ್ ಹಿಂದೆ ನೀವೂ ಒಂದ್ ಮಾತು ಹೇಳ್ರಿ ಮತ್ತ."

"ಹೇಳ್ತೀನಿ ಹೋಗವ್ವಾ" ಎಂದೆ.

ಮರುದಿನ ಶಾಸಕರು ಶಾಲೆಗಳಿಗೆ ಸ್ಮಾರ್ಟ್ ಬೋರ್ಡ್ ತಂದ ಕಥೆ ಮುಗಿಸಿ, ನಾನು ತಟ್ಟಿ, ಸದ್ದು ಅಡಗಿದ ಮೇಲೆ ಅವಳು ಎದ್ದಳು. ಪಾಳಿ ಬಿಟ್ಟು ಬಂದಿದ್ದಳು. "ಸಾಹೇಬ್ರೇ, ಗ್ವಾಡಿಗೆ ಬೋರ್ಡ್ ಬಂತು, ಚಲೋ ಆತು. ಆದ್ರ ಹತ್ನೇ ಕ್ಲಾಸಿಗೆ ಲೆಕ್ಕದ..."

ಸಹಾಯಕ ನನ್ನ ಕಡೆ ನೋಡಿದ. ಅಷ್ಟೇ. ನಾನು ತಟ್ಟಿದೆ. ಸಭೆಯೂ ತಟ್ಟಿತು. ಶಾಸಕರು ಅದನ್ನು ತಮ್ಮ ಬೋರ್ಡಿಗೆ ಸಂದ ಅಭಿನಂದನೆಯೆಂದು ಸ್ವೀಕರಿಸಿ, ಅವಳಿಗೇ ಕೈ ಮುಗಿದು, ರಸ್ತೆಯ ವಿಷಯಕ್ಕೆ ಹೊರಳಿದರು. ಮೊದಲು ತಟ್ಟಿದ ಕೈ ಯಾರದೆಂದು ಅವಳು ಸಾಲುಗಳಲ್ಲಿ ಹುಡುಕಿ, ನನ್ನನ್ನು ಕಂಡು, ಕುಳಿತುಕೊಂಡಳು.

"ಏನ್ ಬಂದಿತ್ರಿ ನಿಮ್ ಕೈಗೆ?" ಎಂದು ಅಂದು ಸಂಜೆ, ಬೀದಿಯಲ್ಲಿ ಸುದ್ದಿ ಕೇಳಿ ಬಂದ ನನ್ನ ಹೆಂಡತಿ ಕೇಳಿದಳು.

"ಅಭ್ಯಾಸ ಕಣೇ."

"ಅಭ್ಯಾಸ ಅಲ್ಲ ತಗೀರಿ. ಫ್ಯಾನಿನ ಗಾಳಿ."

ಆ ಹುಡುಗಿ ಲೆಕ್ಕದಲ್ಲಿ ಫೇಲಾದಳು. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಮನೆಯಲ್ಲಿ ಕುಳಿತು ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತಾಳೆ. ನನಗೆ ಸಿಕ್ಕಿದ್ದ ಮೇಷ್ಟ್ರ ಹೆಗಲು ಅವಳಿಗೆ ಸಿಗಲಿಲ್ಲ, ಮತ್ತು ಸಿಗಬೇಕೆಂದು ಕೇಳಿದ ದನಿಯನ್ನು ಮುಚ್ಚಿದವನು ನಾನು.

ಮುಂದಿನ ಬಜೆಟ್ಟಿನ ಸಭೆಯಲ್ಲಿ ಧೈರ್ಯ ಕೂಡಿಸಿಕೊಂಡು ನಾನೇ ಎದ್ದೆ. "ಲೆಕ್ಕದ ಮೇಷ್ಟ್ರು..." ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ತಟ್ಟಿದರು. ಸಭೆಯೂ ತಟ್ಟಿತು. ಟೈಮಿಂಗ್ ಚೆನ್ನಾಗಿತ್ತು, ನನ್ನ ಕುರ್ಚಿಗೆ ವಾರಸುದಾರ ಸಿದ್ಧನಾಗಿದ್ದ.

ಅದನ್ನು ನೋಡಲು ಆ ಹುಡುಗಿಯ ತಾಯಿ ಅಲ್ಲಿರಲಿಲ್ಲ. ಸಭೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಬೀದಿಯಲ್ಲಿ ಎದುರಾದರೆ ಈಗಲೂ "ಆರಾಮದಿರೇನ್ರಿ ದೊಡ್ಡಪ್ಪಾ?" ಎನ್ನುತ್ತಾಳೆ. ಎರಡೂ ಕೈ ಜೋಡಿಸಿ ಹೇಳಬೇಕಾದ ಒಂದು ಮಾತಿದೆ. ನಾನು ಸೊಳ್ಳೆ ಓಡಿಸುವವನಂತೆ ಒಂದೇ ಕೈ ಬೀಸಿ ಮುಂದೆ ಹೋಗುತ್ತೇನೆ. ಅವಳ ಹೆಸರು ಗಿರಿಜಾ.